ಹಳೆಯ ಪಿಕಪ್‌ನ ಸ್ಟೇರಿಂಗ್ ನಡುಕ: ಮೂಲ ಎಲ್ಲಿ?

ಪ್ರಶ್ನೆ: ಮುಂದೆ ಸಾಲಿಡ್ ಆಕ್ಸಲ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಅಚ್ಚು) ಇರುವ ನನ್ನ ಹಳೆಯ ಪಿಕಪ್, ಗಂಟೆಗೆ 70 ಕಿ.ಮೀ. ವೇಗದಲ್ಲಿ ಸಣ್ಣ ಉಬ್ಬು ಹತ್ತಿದೊಡನೆ, ಸ್ಟೇರಿಂಗ್ ಕೈಯಿಂದ ಕಿತ್ತುಹೋಗುವಂತೆ ನಡುಗುತ್ತದೆ. ವೇಗ ತಗ್ಗಿಸಿದರೆ ಮಾತ್ರ ನಿಲ್ಲುತ್ತದೆ. ಚಕ್ರಗಳ ಬ್ಯಾಲೆನ್ಸಿಂಗ್ ಆಗಿದೆ. ಸ್ಟೇರಿಂಗ್‌ನ ಅದುರನ್ನು ಹೀರುವ ಡ್ಯಾಂಪರ್ ಬದಲಿಸಿದರೆ ಸಾಕೇ?

ಉತ್ತರ 1: ಸಾಲದು. ಡ್ಯಾಂಪರ್ ನಡುಕವನ್ನು ಕೆಲಕಾಲ ಮರೆಮಾಚುತ್ತದೆಯೇ ಹೊರತು ಮೂಲದೋಷವನ್ನು ಸರಿಪಡಿಸುವುದಿಲ್ಲ. ಚಕ್ರಗಳು ನೆಲದ ಮೇಲಿರುವಾಗಲೇ ಒಬ್ಬರು ಸ್ಟೇರಿಂಗನ್ನು ಎಡಬಲಕ್ಕೆ ತುಸುವೇ ಆಡಿಸುತ್ತಿರಲಿ, ಮತ್ತೊಬ್ಬರು ಟ್ರ್ಯಾಕ್ ಬಾರ್‌ನ ಎರಡೂ ತುದಿಗಳನ್ನು ಗಮನಿಸಲಿ. ಆಕ್ಸಲ್ ಪಕ್ಕಕ್ಕೆ ಸರಿಯದಂತೆ ತಡೆಯುವ ಈ ಸರಳಿನ ಬುಷ್ (ತುದಿಯ ಕೀಲಿನೊಳಗಿನ ಮೆತ್ತೆ) ಸವೆದಿದ್ದರೆ, ಅಥವಾ ಬೋಲ್ಟಿನ ರಂಧ್ರ ಅಗಲಗೊಂಡಿದ್ದರೆ, ಸಡಿಲ ಬರಿಗಣ್ಣಿಗೇ ಕಾಣುತ್ತದೆ. ನನ್ನ ಅನುಮಾನ ಮೊದಲು ಅಲ್ಲಿಗೇ ಹೋಗುತ್ತದೆ.

ಉತ್ತರ 2: ಅಲ್ಲಿ ಬಿಗಿಯಿದ್ದರೆ ಚಕ್ರಗಳನ್ನು ತಿರುಗಿಸುವ ಟೈ ರಾಡ್‌ನ ತುದಿಗಳನ್ನೂ ಚಕ್ರ ತಿರುಗುವ ಕೀಲುಗಳಾದ ಬಾಲ್ ಜಾಯಿಂಟ್‌ಗಳನ್ನೂ ಪರೀಕ್ಷಿಸಿ. ಸಸ್ಪೆನ್ಷನ್ ಎತ್ತರಿಸಿದ್ದರೆ ಕ್ಯಾಸ್ಟರ್ ಕೋನವೂ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಪ್ರಮಾಣ) ತಗ್ಗಿರಬಹುದು.

ಪ್ರಶ್ನಿಸಿದವರು: ಟ್ರ್ಯಾಕ್ ಬಾರ್‌ನ ಆಕ್ಸಲ್ ಬದಿಯ ಬುಷ್ ಹರಿದಿರುವುದು ಕಂಡಿತು. ಡ್ಯಾಂಪರ್ ಖರೀದಿಯನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ.