ಮಗನ ಕಿಟ್ ಕಾರು, ಅಪ್ಪನ ಹೆಸರಿನ ಇನ್ಶೂರೆನ್ಸು

ಲೆಸ್ಟರ್‌ನ ತಂಗಿ ಮೊನ್ನೆ ನಮ್ಮ ಗುಂಪಿನಲ್ಲಿ ಕೇಳಿದ್ದ ಪ್ರಶ್ನೆಗೆ ಎರಡು ಸಾಲಲ್ಲಿ ಉತ್ತರ ಬರೆದು ಮುಗಿಸೋಣ ಅಂತ ಕೂತೆ, ಆಗಲಿಲ್ಲ. ಉದ್ದ ಆಗಿದೆ, ಕಾಫಿ ಮಾಡ್ಕೊಂಡು ಬಂದು ಓದಿ.

ಅವರ ಮಗನಿಗೆ ಹದಿನೆಂಟು. ಲೈಸೆನ್ಸ್ ಕೈಗೆ ಬಂದು ಮೂರು ತಿಂಗಳು. ಬೇರೆ ಹುಡುಗರ ಹಾಗೆ ಹಳೇ ಫಿಯೆಸ್ಟಾನೋ ಕೋರ್ಸಾನೋ ಕೇಳೋದು ಬಿಟ್ಟು, ಬಿಡಿಭಾಗ ತಂದು ಯಾರೋ ಗ್ಯಾರೇಜಿನಲ್ಲಿ ಜೋಡಿಸಿದ, ಲೋಟಸ್ ಸೆವೆನ್ ಅನ್ನೋ ಪುಟ್ಟ ಸ್ಪೋರ್ಟ್ಸ್ ಕಾರಿನ ಥರದ ಕಿಟ್ ಕಾರೇ ಬೇಕು ಅಂತ ಹಟ ಹಿಡಿದಿದ್ದಾನೆ. 4,000 ಪೌಂಡಿಗೆ ಒಂದನ್ನ ನೋಡಿಯೂ ಇಟ್ಟಿದ್ದಾನಂತೆ. "ಅಕ್ಕಾ, ಕಾರು ಇವರ ಹೆಸರಲ್ಲಿ ತಗೊಂಡು ಇನ್ಶೂರೆನ್ಸೂ ಇವರ ಹೆಸರಲ್ಲೇ ಮಾಡಿಸಿ, ಮಗನ್ನ ಎರಡನೇ ಡ್ರೈವರ್ ಅಂತ ಸೇರಿಸಿದರೆ ಕಮ್ಮಿ ಬೀಳುತ್ತಲ್ವಾ?" ಅಂತ ಕೇಳಿದ್ದರು. ಕೆಳಗೆ ಆರು ಜನ "ಹೌದು, ನಾವೂ ಹಾಗೇ ಮಾಡಿದ್ದು" ಅಂದಿದ್ದಾರೆ. ಆ ಆರು ಉತ್ತರ ನೋಡಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

ನಾವಿರೋದು ಇಂಗ್ಲೆಂಡಿನ ಡರ್ಬಿಯಲ್ಲಿ. ನಮ್ಮ ಮನೆಯಲ್ಲೂ ಇದೇ ನಾಟಕ ನಡೆದು ಈಗ ನಾಲ್ಕು ವರ್ಷ. ಮಗ ಹದಿನೇಳಕ್ಕೆ ಬಂದಾಗ ಯಾರೋ ಶುರು ಮಾಡಿ ಅರ್ಧಕ್ಕೆ ಬಿಟ್ಟ ಕಿಟ್ಟನ್ನ ವ್ಯಾನಿನಲ್ಲಿ ಹಾಕಿಸ್ಕೊಂಡು ಬಂದ. ಕಬ್ಬಿಣದ ಪೈಪಿನ ಚಾಸಿ, ಫೈಬರ್‌ನ ಮಡ್‌ಗಾರ್ಡುಗಳು, ಹಳೇ ಫೋರ್ಡ್ ಸಿಯೆರಾದಿಂದ ಬಿಚ್ಚಿದ ಇಂಜಿನ್ನು, ಐಸ್‌ಕ್ರೀಂ ಡಬ್ಬಗಳ ತುಂಬ ನಟ್ಟು ಬೋಲ್ಟು. ನನ್ನ ಕಣ್ಣಿಗೆ ಶುದ್ಧ ಗುಜರಿ. ನಮ್ಮ ಮಾವನವರು ಹಾಸನದಿಂದ ವಿಡಿಯೋ ಕಾಲ್‌ನಲ್ಲಿ ನೋಡಿ ಕೇಳಿದ್ದು ಒಂದೇ ಮಾತು: "ಇದಕ್ಕೆ ಆರ್‌ಟಿಓದವರು ನಂಬರ್ ಕೊಡ್ತಾರೇನಮ್ಮಾ?"

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮಲ್ಲಿ ಕಂಪನಿ ಮಾಡಿಕೊಟ್ಟಿದ್ದನ್ನ ಬದಲಾಯಿಸೋದೇ ಕಷ್ಟ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಈ ದೇಶದಲ್ಲಿ ಮಾತ್ರ ಮನೆಯಲ್ಲಿ ಕಾರು ಕಟ್ಟೋದು ಹಳೇ ಹವ್ಯಾಸ. 1957ರಲ್ಲಿ ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ ಲೋಟಸ್ ಸೆವೆನ್ ತಂದಾಗ ಪೂರ್ತಿ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳಾಗಿ ಕೊಂಡರೆ ಇರಲಿಲ್ಲ. ಜೋಡಿಸೋ ಪುಸ್ತಕ ಕೊಟ್ಟರೆ ತೆರಿಗೆ ಬೀಳುತ್ತೆ ಅಂತ ಬಿಚ್ಚೋ ಪುಸ್ತಕ ಕೊಟ್ಟು "ಹಿಂದಿನಿಂದ ಓದ್ಕೊಳ್ಳಿ" ಅಂತಿದ್ದರಂತೆ, ಅದೊಂದು ಕಥೆ ಓಡಾಡುತ್ತೆ. ತೆರಿಗೆ ಉಳಿಸೋ ವಿಷಯದಲ್ಲಿ ಇವರೂ ನಮಗಿಂತ ಕಮ್ಮಿಯೇನಲ್ಲ. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು, ಅದೇ ವರ್ಷ ಕೇಟರ್‌ಹ್ಯಾಮ್‌ನವರು ಸೆವೆನ್‌ನ ಹಕ್ಕು ಕೊಂಡರು. ಅವರ 170 ಅನ್ನೋ ಮಾಡೆಲ್‌ನಲ್ಲಿ ಇರೋದು ಸುಜುಕಿಯ 660 ಸಿಸಿ ಇಂಜಿನ್ನು, ಇಡೀ ಕಾರು 440 ಕಿಲೋ. ನಮ್ಮ ಮಾರುತಿ 800ಕ್ಕಿಂತ ಹಗುರ ಅಂದಾಗ ಮಾವನವರಿಗೆ ಸ್ವಲ್ಪ ಗೌರವ ಬಂತು.

ತಂಗೀ, ಮೊದಲು ಕಾರಿನ ವಿಷಯ. ನಿಮ್ಮ ಮಗ ನೋಡಿರೋದು ಆಗಲೇ ಜೋಡಿಸಿ ರೋಡಿಗಿಳಿದ ಕಾರು. ಅದು ಒಳ್ಳೇದೇ. ನಮ್ಮವನ ಹಾಗೆ ಅರ್ಧಕ್ಕೆ ನಿಂತದ್ದನ್ನ ತಂದರೆ ಚೀಪ್ ಅನ್ನಿಸುತ್ತೆ, ಆಮೇಲೆ ಒಂದೊಂದೇ ಬಿಲ್ಲು ಬರುತ್ತೆ. ಆದರೆ ಜೋಡಿಸಿದ ಕಾರಿನಲ್ಲಿ ಬಣ್ಣ ನೋಡಬೇಡಿ, ಕಾಗದ ನೋಡಿ. ವಿ5ಸಿ, ಅಂದರೆ ಇಲ್ಲಿನ ಆರ್‌ಸಿ ಪುಸ್ತಕದಲ್ಲಿ ಕಾರಿನ ಹೆಸರು ಏನಂತಿದೆ? ಕಿಟ್ಟಿನ ಹೆಸರಿದ್ದರೆ ಸರಿ. ಇನ್ನೂ "ಫೋರ್ಡ್ ಸಿಯೆರಾ" ಅಂತಲೇ ಇದ್ದರೆ, ಹಳೇ ಕಾರಿನ ಗುರುತಿನಲ್ಲೇ ಈ ಹೊಸ ದೇಹ ಓಡಾಡ್ತಿದೆ ಅಂತ ಅರ್ಥ. ಅದನ್ನ ಮುಟ್ಟಲೇಬೇಡಿ. ಚಾಸಿ ನಂಬರು, ಇಂಜಿನ್ ನಂಬರು ಎರಡನ್ನೂ ಕಾಗದದ ಜೊತೆ ಬೆರಳಿಟ್ಟು ತಾಳೆ ನೋಡಿ. ನಂಬರ್ ಪ್ಲೇಟು ಕ್ಯೂ ಅಕ್ಷರದಿಂದ ಶುರುವಾದರೆ ಹೆದರಬೇಕಿಲ್ಲ, ಭಾಗಗಳ ವಯಸ್ಸು ಗೊತ್ತಾಗದ ಗಾಡಿಗೆ ಇಲ್ಲಿನ ಆರ್‌ಟಿಓ ಥರದ ಡಿವಿಎಲ್‌ಎ ಕೊಡೋ ನಂಬರದು. ಇನ್ಶೂರೆನ್ಸ್‌ನವರು ಮಾತ್ರ ಒಂದು ಸಲ ಹುಬ್ಬೇರಿಸ್ತಾರೆ.

ಕಟ್ಟಿದ ವರ್ಷವನ್ನೂ ಕೇಳಿ. 1998ಕ್ಕೆ ಮುಂಚೆ ಇಂಥ ಕಾರುಗಳಿಗೆ ಪ್ರತ್ಯೇಕ ಪರೀಕ್ಷೆ ಇರಲಿಲ್ಲ. ಆಮೇಲೆ ಎಸ್‌ವಿಎ ಅನ್ನೋ ಪರೀಕ್ಷೆ ಬಂತು, 2009ರಿಂದ ಅದರ ಜಾಗದಲ್ಲಿ ಐವಿಎ. ಈ ಐವಿಎ ದಿನ ನಾನೂ ಹೋಗಿದ್ದೆ, ಮರೆಯೋ ಹಾಗಿಲ್ಲ. ಪರೀಕ್ಷಕರು ಕೈಯಲ್ಲಿ ಒಂದು ಗೋಳ ಹಿಡಿದು ಕಾರಿನ ಸುತ್ತ ಬಂದರು, 100 ಮಿಲಿಮೀಟರ್ ಅಡ್ಡಳತೆ. ಆ ಗೋಳ ತಾಗೋ ಕಡೆಯೆಲ್ಲ ಅಂಚು ಚೂಪಾಗಿರಬಾರದು, ಕನಿಷ್ಠ 2.5 ಮಿಲಿಮೀಟರ್ ದುಂಡಗಿರಬೇಕು, ಯಾರಾದರೂ ಪಾದಚಾರಿಗೆ ತಾಗಿದರೆ ಕೊಯ್ಯಬಾರದಲ್ಲ. ನಮ್ಮವನು ಬೋಲ್ಟಿನ ತಲೆಗೆಲ್ಲ ಪ್ಲಾಸ್ಟಿಕ್ ಟೋಪಿ ಹಾಕಿದ್ದ, ತಗಡಿನ ಅಂಚಿಗೆಲ್ಲ ರಬ್ಬರ್ ಪಟ್ಟಿ ಒತ್ತಿದ್ದ. ಎಡಗಡೆ ಮಡ್‌ಗಾರ್ಡ್ ಹಿಡಿದಿರೋ ಕಂಬಿಯ ತುದಿ ಒಂದನ್ನ ಮರೆತಿದ್ದ. ಗೋಳ ಅಲ್ಲಿ ಹೋಗಿ "ಟಿಕ್" ಅಂತು. ಫೇಲ್. ಪರೀಕ್ಷಕರು ನಗಲಿಲ್ಲ, ಬೈಯಲಿಲ್ಲ, ಹಾಳೆಯಲ್ಲಿ ಬರೆದು ಕೊಟ್ಟರು ಅಷ್ಟೇ. ಸ್ಕೂಲಿನಲ್ಲಿ ಯಾವ ಮೇಷ್ಟ್ರೂ ಕಲಿಸದ ಪಾಠ ಆ ಒಂದು ಟಿಕ್ಕಿನಲ್ಲಿ ಅವನಿಗೆ ಸಿಕ್ಕಿತು ಅಂತ ನನಗೆ ಒಳಗೊಳಗೇ ಖುಷಿ. ಎರಡನೇ ಸಲ ಪಾಸಾದ.

ಯಾವ ಕಾರು ಅನ್ನೋದಕ್ಕೆ ನನ್ನ ಅಭಿಪ್ರಾಯ ಸರಳ. ಸಾಧಾರಣ 1.6 ಫೋರ್ಡೋ ಮಜ್ದಾನೋ ಇಂಜಿನ್ ಇರೋದು ನೋಡಿ. ಬೈಕ್ ಇಂಜಿನ್ ಹಾಕಿದ್ದು ಬೇಡ, ದೊಡ್ಡ ವಿ8 ಇಂಜಿನ್ನಿನ ಕೋಬ್ರಾ ಕಾರಿನ ನಕಲು ಬೇಡವೇ ಬೇಡ. ಹಳೇ ಸಿಟ್ರೊಯೆನ್ 2ಸಿವಿ ಭಾಗಗಳ ಮೇಲೆ ಕಟ್ಟೋ ಲೋಮ್ಯಾಕ್ಸ್ ಅಂತ ಒಂದು ಬರುತ್ತೆ, 602 ಸಿಸಿ, ಓಡೋದು ಕಮ್ಮಿ ಸದ್ದು ಜಾಸ್ತಿ, ಹುಡುಗರಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಅದರಲ್ಲಿ ಮೂರು ಚಕ್ರದವೂ ಇವೆ. 21 ತುಂಬದವರಿಗೆ ಮೂರು ಚಕ್ರದ ಲೈಸೆನ್ಸ್ ನಿಯಮವೇ ಬೇರೆ, ವಿಚಾರಿಸದೆ ದುಡ್ಡು ಕೊಡಬೇಡಿ. ಇನ್ನು ಸೆವೆನ್ ಜಾತಿಯ ಹಳೇ ಕಾರುಗಳಲ್ಲಿ ಏರ್‌ಬ್ಯಾಗ್ ಇರಲ್ಲ, ಎಬಿಎಸ್ ಇರಲ್ಲ, ತಲೆ ಮೇಲೆ ಸರಿಯಾದ ಸೂರೂ ಇರಲ್ಲ. ಇಂಜಿನ್ನು ಹಿಂದಿನ ಚಕ್ರ ತಿರುಗಿಸೋ ಹಗುರ ಗಾಡಿ, ನವೆಂಬರ್ ಮಳೆ, ಎಲೆ ಉದುರಿದ ರೌಂಡ್‌ಅಬೌಟು. ಅಮ್ಮನಾಗಿ ನಾನು ಹೇಳೋದು ಇಷ್ಟೇ, ಉಳಿದದ್ದು ನಿಮ್ಮ ಕಲ್ಪನೆಗೆ.

ಈಗ ಆ ಆರು ಉತ್ತರಗಳಿಗೆ ಬರ್ತೀನಿ.

ಊರಿನಲ್ಲಿ ಗಾಡಿ ಅಪ್ಪನ ಹೆಸರಲ್ಲಿರುತ್ತೆ, ಮಗ ಓಡಿಸ್ತಾನೆ, ಬಾವಮೈದ ಬಂದರೆ ಅವನೂ ಓಡಿಸ್ತಾನೆ. ಲೈಸೆನ್ಸ್ ಒಂದಿದ್ದರಾಯಿತು. ಅಲ್ಲಿ ಪಾಲಿಸಿ ಗಾಡಿಗೆ ಅಂಟಿಕೊಂಡಿರುತ್ತೆ. ಥರ್ಡ್ ಪಾರ್ಟಿ ಪ್ರೀಮಿಯಂ ಇಂಜಿನ್ ಸಿಸಿ ನೋಡಿ ಸರ್ಕಾರವೇ ಗೊತ್ತು ಮಾಡುತ್ತೆ, ಓಡಿಸೋನ ವಯಸ್ಸನ್ನ ಯಾರೂ ಕೇಳಲ್ಲ. ಇಲ್ಲಿ ಪಾಲಿಸಿ ಅಂಟಿಕೊಳ್ಳೋದು ಮನುಷ್ಯನಿಗೆ. ಯಾರು ಓಡಿಸ್ತಾರೆ, ಅವರ ವಯಸ್ಸೆಷ್ಟು, ರಾತ್ರಿ ಎಲ್ಲಿ ನಿಲ್ಲಿಸ್ತಾರೆ, ಯಾವ ಪಿನ್‌ಕೋಡು, ಬೆಲೆ ಕಟ್ಟೋದು ಅದಕ್ಕೆ. ಆದ್ದರಿಂದ ಮಗ ದಿನಾ ಓಡಿಸೋ ಕಾರಿಗೆ ಅಪ್ಪನೇ ಮುಖ್ಯ ಡ್ರೈವರ್ ಅಂತ ಬರೆಸೋದಕ್ಕೆ ಇಲ್ಲಿ ಫ್ರಂಟಿಂಗ್ ಅಂತಾರೆ. ಅದು ವಂಚನೆ. ನಮ್ಮ ಮನೆಯವರೂ ಮೊದಲು "ನನ್ನ ಹೆಸರಲ್ಲಿ ಹಾಕಿಸಿಬಿಡೇ, ಅದರಲ್ಲೇನಿದೆ" ಅಂದವರೇ. ಅವರಿಗೆ ಅದು ಮೋಸ ಅಂತ ಹೊಳೆಯಲೇ ಇಲ್ಲ, ಮಗನ ಭಾರ ಅಪ್ಪ ಹೊರೋದು ಅಂತಲೇ ಅಂದುಕೊಂಡಿದ್ದರು.

ಸಿಕ್ಕಿಬಿದ್ದರೆ ಏನಾಗುತ್ತೆ ನೋಡಿ. ಅಪಘಾತ ಆಗೋವರೆಗೆ ಯಾರೂ ಕೇಳಲ್ಲ, ಅದಕ್ಕೇ ಆ ಆರು ಜನಕ್ಕೂ "ಏನೂ ಆಗಿಲ್ಲ". ಆದ ದಿನ ಕೇಳ್ತಾರೆ: ಕಾಲೇಜಿನ ಪಾರ್ಕಿಂಗ್‌ನಲ್ಲಿ ದಿನಾ ಈ ಕಾರು ಯಾಕಿತ್ತು? ಇನ್‌ಸ್ಟಾಗ್ರಾಂನಲ್ಲಿ "ಮೈ ಫಸ್ಟ್ ಕಾರ್" ಅಂತ ಹಾಕಿದ್ದು ಯಾರು? ಅಲ್ಲಿಗೆ ನಮ್ಮ ಕಾರಿಗೆ ಒಂದು ಪೆನ್ನಿಯೂ ಬರಲ್ಲ. ಎದುರಿನವರಿಗೆ ಕಂಪನಿ ಕೊಟ್ಟೇ ಕೊಡುತ್ತೆ, ಕೊಟ್ಟದ್ದನ್ನ ನಮ್ಮಿಂದ ವಸೂಲಿ ಮಾಡೋಕೆ ಬರುತ್ತೆ. ಹುಡುಗನ ಮೇಲೆ ಇನ್ಶೂರೆನ್ಸ್ ಇಲ್ಲದೆ ಓಡಿಸಿದ ಕೇಸು ಬಿದ್ದರೆ ಲೈಸೆನ್ಸ್ ಮೇಲೆ ಕನಿಷ್ಠ 6 ದಂಡದ ಪಾಯಿಂಟು. ಹೊಸ ಡ್ರೈವರಿಗೆ ಮೊದಲ ಎರಡು ವರ್ಷದಲ್ಲಿ 6 ಪಾಯಿಂಟಾದರೆ ಲೈಸೆನ್ಸೇ ರದ್ದು. ಪ್ರೊವಿಷನಲ್‌ನಿಂದ, ಅಂದರೆ ಕಲಿಯೋರ ಲೈಸೆನ್ಸಿನಿಂದ, ಥಿಯರಿ ಪರೀಕ್ಷೆಯಿಂದ ಮತ್ತೆ ಶುರು. ಮುಂದೆ ಪ್ರತಿ ಇನ್ಶೂರೆನ್ಸ್ ಅರ್ಜಿಯಲ್ಲೂ ಈ ಕಥೆ ಹೇಳಬೇಕು. ಇಷ್ಟೆಲ್ಲ ಉಳಿಸೋಕೆ ಹೋದ ನಾಲ್ಕು ಕಾಸಿಗೆ.

ಕಾರು ನಿಜವಾಗಿಯೂ ಅಪ್ಪನದೇ, ಭಾನುವಾರ ಅವರೇ ಓಡಿಸೋದು, ಮಗ ಯಾವಾಗಾದರೊಮ್ಮೆ ಅಂದರೆ ಎರಡನೇ ಹೆಸರು ಸೇರಿಸೋದು ತಪ್ಪಲ್ಲ. ಆದರೆ ನಮ್ಮಲ್ಲಿ ಎಷ್ಟು ಅಪ್ಪಂದಿರು ಸೊಂಟ ನೋವು ಇಟ್ಕೊಂಡು ಆ ತೊಟ್ಟಿಯೊಳಗೆ ಇಳಿದು ಕೂರ್ತಾರೆ ಹೇಳಿ.

ನಾನು ಅವನ ಹೆಸರಲ್ಲೇ ಕೇಳೋಣ ಅಂತ ಹೊರಟೆ. ಕಂಪೇರ್ ಮಾಡೋ ವೆಬ್‌ಸೈಟುಗಳಲ್ಲಿ ಈ ಕಾರಿನ ಹೆಸರೇ ಸಿಗಲಿಲ್ಲ. ಮಾಮೂಲಿ ಕಾರಿಗೆ ಆಗ 1ರಿಂದ 50ರವರೆಗೆ ಇನ್ಶೂರೆನ್ಸ್ ಗುಂಪು ಇರ್ತಿತ್ತು, ಮನೆಯಲ್ಲಿ ಕಟ್ಟಿದ್ದಕ್ಕೆ ಯಾವ ಗುಂಪು? ಕಿಟ್ ಕಾರು ನೋಡೋ ಬ್ರೋಕರ್‌ಗಳಿಗೆ ಫೋನೇ ಮಾಡಬೇಕು. ಮೊದಲನೆಯವರು ವಯಸ್ಸು ಕೇಳಿದ ಕೂಡಲೇ "ಸಾರಿ, 25 ಆಗಿರಬೇಕು" ಅಂದರು. ಎರಡನೆಯವರು 21 ಅಂದರು. ಮೂರನೆಯವರು ಹೇಳಿದ ಮೊತ್ತ ಕಾರಿಗೆ ಆಗ ಹಾಕಿದ್ದ ದುಡ್ಡಿಗಿಂತ ಜಾಸ್ತಿ. ನಾಲ್ಕನೆಯವರು ಒಬ್ಬ ವಯಸ್ಸಾದ ಹೆಂಗಸು, ಇಡೀ ಕಥೆ ಕೇಳಿ, "ಅವನು ಕಟ್ಟಲಿ ಡಿಯರ್, ಓಡಿಸೋದು ಆಮೇಲಾಯ್ತು. ಅಲ್ಲಿವರೆಗೆ ಯಾವುದಾದರೂ ಬೋರಿಂಗ್ ಕಾರು ಅವನದೇ ಹೆಸರಲ್ಲಿ ಓಡಿಸಲಿ" ಅಂದರು. ನನಗೆ ನಮ್ಮ ಅತ್ತೆ ಮಾತಾಡಿದ ಹಾಗಾಯಿತು.

ಹಾಗೇ ಮಾಡಿದೆವು. ಒಂದು ಸಣ್ಣ ಹಳೇ ಹ್ಯಾಚ್‌ಬ್ಯಾಕ್, ಓಡಿಸೋ ರೀತಿ ಗಮನಿಸೋ ಪೆಟ್ಟಿಗೆ ಕೂರಿಸೋ ಬ್ಲಾಕ್ ಬಾಕ್ಸ್ ಪಾಲಿಸಿ, ಅವನ ಹೆಸರು ಮೊದಲು, ಅನುಭವ ಇರೋ ಡ್ರೈವರ್‌ಗಳು ಅಂತ ನಮ್ಮಿಬ್ಬರ ಹೆಸರು ಆಮೇಲೆ. ಮೊದಲ ವರ್ಷ ದುಬಾರಿಯಾಯಿತು, ಸುಳ್ಳು ಹೇಳಲ್ಲ. ಆದರೆ ನೋ ಕ್ಲೇಮ್ಸ್ ಬೋನಸ್ ಅವನ ಖಾತೆಗೆ ಬಿತ್ತು, ಅಪ್ಪನ ಪಾಲಿಸಿಯಲ್ಲಿ ಎರಡನೇ ಹೆಸರಾಗಿ ಕೂತಿದ್ದರೆ ಸಾಮಾನ್ಯವಾಗಿ ಅದು ಸಿಗ್ತಿರಲಿಲ್ಲ. ಗ್ಯಾರೇಜಿನಲ್ಲಿದ್ದ ಕಿಟ್ಟಿಗೆ ಬೆಂಕಿ, ಕಳ್ಳತನಕ್ಕೆ ಅಂತ ಓಡಿಸದೆ ನಿಲ್ಲಿಸಿದ ಗಾಡಿಯ ಲೇಯ್ಡ್‌ ಅಪ್ ಪಾಲಿಸಿ, ಅದು ಅಗ್ಗ. ಐವಿಎಗೆ ಓಡಿಸಿಕೊಂಡು ಹೋಗೋದಾದರೆ ನಂಬರ್ ಪ್ಲೇಟ್ ಇನ್ನೂ ಬಂದಿರಲ್ಲ, ಚಾಸಿ ನಂಬರಿನ ಮೇಲೆ ಪಾಲಿಸಿ ಮಾಡಿಸಬೇಕು. ನಾವು ಟ್ರೇಲರ್‌ನಲ್ಲಿ ಒಯ್ದೆವು.

21 ತುಂಬಿದ ವಾರ ಅದೇ ಹೆಂಗಸಿಗೆ ಫೋನ್ ಮಾಡಿದ. ವರ್ಷಕ್ಕೆ 3,000 ಮೈಲಿ ಮಿತಿ, ರಾತ್ರಿ ಬೀಗ ಹಾಕಿದ ಗ್ಯಾರೇಜು, ದಿನದ ಓಡಾಟಕ್ಕೆ ಬೇರೆ ಕಾರು ಇರಲೇಬೇಕು. ಕಾರಿನ ಬೆಲೆಯನ್ನ ಮೊದಲೇ ಒಪ್ಪಿ ಬರೆಸೋ ಅಗ್ರೀಡ್ ವ್ಯಾಲ್ಯೂ ಮಾಡಿಸಿ, ಇಲ್ಲದಿದ್ದರೆ ಕ್ಲೇಮ್ ದಿನ ಅವರು ಹೇಳಿದ್ದೇ ರೇಟು. ಅದಕ್ಕೆ ಫೋಟೋ, ರಸೀದಿ ಬೇಕು. ಐಸ್‌ಕ್ರೀಂ ಡಬ್ಬದಲ್ಲಿ ನಟ್ಟಿನ ಜೊತೆ ಎಣ್ಣೆ ಹಿಡಿದು ಬಿದ್ದಿದ್ದ ರಸೀದಿಗಳನ್ನ ನಾನು ಟಿಶ್ಯೂನಲ್ಲಿ ಒರೆಸಿ ಫೈಲ್ ಮಾಡಿದೆ. ಹೇಳಿದ ಪ್ರೀಮಿಯಂ ಹದಿನೆಂಟರಲ್ಲಿ ಕೇಳಿದ್ದರ ಹತ್ತಿರಕ್ಕೂ ಇರಲಿಲ್ಲ.

ಸ್ಲೋ ಊರಿನ ಅಣ್ಣ ಕೇಳಿದ್ದರು, ಸೀಟು, ಸ್ಟೀರಿಂಗ್ ಬದಲಾಯಿಸಿದ್ದನ್ನೂ ಹೇಳಬೇಕಾ ಅಂತ. ಹೇಳಿ ಅಣ್ಣಾ. 2012ರ ಕಾನೂನಿನ ಪ್ರಕಾರ ಕೇಳಿದ್ದಕ್ಕೆ ಎಚ್ಚರದಿಂದ, ನಿಜ ಹೇಳೋದು ನಮ್ಮ ಜವಾಬ್ದಾರಿ. ಕಿಟ್ ಕಾರು ನೋಡೋರು ಇಂಥದ್ದಕ್ಕೆಲ್ಲ ಬೆಚ್ಚಿಬೀಳಲ್ಲ, ಇಮೇಲ್‌ನಲ್ಲಿ ಬರೆದು ಕಳಿಸಿ, ಉತ್ತರ ಇಟ್ಟುಕೊಳ್ಳಿ.

ಲೆಸ್ಟರ್ ತಂಗೀ, ಆ 4,000 ಪೌಂಡಿನವರಿಗೆ ಅಡ್ವಾನ್ಸ್ ಕೊಡೋ ಮುಂಚೆ ವಿ5ಸಿಯಲ್ಲಿ ಕಾರಿನ ವಿವರ ಇರೋ ಪುಟದ ಫೋಟೋ ತರಿಸ್ಕೊಳ್ಳಿ. ಶನಿವಾರ ಹನ್ನೊಂದರ ಮೇಲೆ ನಂಗೆ ಫೋನ್ ಮಾಡಿ, ಮಗನ್ನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಮನೆಯವರನ್ನೂ. ನಮ್ಮವನು ಅವತ್ತು ಗ್ಯಾರೇಜಿನಲ್ಲೇ ಇರ್ತಾನೆ, ಕ್ಲಚ್ ಕೇಬಲ್ ಮತ್ತೆ ಕಿತ್ತುಕೊಂಡಿದೆ.