ವಸಾಹತುಶಾಹಿಯಲ್ಲಿ ‘ಶಾಹಿ’ ಯಾರು?

ಗೆಳೆಯರೇ,

ಹೋದ ವಾರ ಒಂದು ಭಾಷಣದ ಕರಡು ತಿದ್ದುತ್ತಿದ್ದೆ. ಪರದೇಶದವರ ಆಳ್ವಿಕೆ, ಧರ್ಮಸಂಸ್ಥೆ, ಸರ್ಕಾರದ ಬಲ ಈ ಮೂರೂ ಜೊತೆಜೊತೆಗೇ ಬೆಳೆದವು ಅನ್ನುವ ಎಡಪಂಥೀಯ ವಾದ ಅದು. ವಾದದ ತಕರಾರು ಆಮೇಲೆ. ಒಂದೇ ಪುಟದಲ್ಲಿ ವಸಾಹತುಶಾಹಿ, ಸಾಮ್ರಾಜ್ಯಶಾಹಿ, ಬಂಡವಾಳಶಾಹಿ, ಪುರೋಹಿತಶಾಹಿ, ಅಧಿಕಾರಶಾಹಿ ಐದೂ ಸಾಲಾಗಿ ಕೂತಿದ್ದವು. ಅಣ್ಣನ ಮಗಳು ಇಣುಕಿ ನೋಡಿ ಕೇಳಿದಳು: “ಕೈಗಾರಿಕಾ ವಸಾಹತು ಗೊತ್ತು ಚಿಕ್ಕಪ್ಪ. ಅದಕ್ಕೆ ಶಾಹಿ ಯಾಕೆ ಅಂಟಿಸಿದಾರೆ?” ನಕ್ಕುಬಿಟ್ಟೆ. ಆದರೆ ಉತ್ತರ ಹೇಳಲು ಹೋದರೆ ಬಾಯಿ ಕಟ್ಟಿತು.

ಶಾಹಿ ಪಾರಸಿಯಿಂದ ಬಂದದ್ದು. ಶಾಹ್ ಅಂದರೆ ಅರಸ, ಶಾಹಿ ಅಂದರೆ ಅರಸೊತ್ತಿಗೆ. 1490ರಿಂದ 1686ರವರೆಗೆ ಬಿಜಾಪುರ ಆಳಿದ ಆದಿಲ್‌ಶಾಹಿ, ಗೋಲ್ಕೊಂಡದ ಕುತುಬ್‌ಶಾಹಿ, ಬೀದರಿನ ಬರೀದ್‌ಶಾಹಿ ನಮಗೆ ಹಳೆಯ ಹೆಸರುಗಳು. ಇದನ್ನು ಮನೆತನದ ಹೆಸರಿನಿಂದ ಬಿಡಿಸಿ ಬೇರೆ ಪದಗಳಿಗೆ ಧಾರಾಳವಾಗಿ ಅಂಟಿಸಿದವರು ಮರಾಠಿಯವರು. ನೋಕರಶಾಹಿ (ನಮ್ಮ ಅಧಿಕಾರಶಾಹಿ), ಹುಕೂಮ್‌ಶಾಹಿ (ಸರ್ವಾಧಿಕಾರ), ಭಾಂಡವಲಶಾಹಿ (ಬಂಡವಾಳಶಾಹಿ), ಕೊನೆಗೆ ಲೋಕಶಾಹಿ. ಲೋಕಶಾಹಿ ಅಂದರೆ ಅವರಲ್ಲಿ ಪ್ರಜಾಪ್ರಭುತ್ವ! ಅಂದರೆ ಅಲ್ಲಿ ಶಾಹಿ ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. ಕನ್ನಡದಲ್ಲಿ ಮಾತ್ರ ಶಾಹಿ ಅಂಟಿತೆಂದರೆ ಅದು ಬೈಗುಳವೇ. ಮೆಚ್ಚಿ ಹೇಳಿದ ಒಂದೂ ಶಾಹಿ ನನಗೆ ನೆನಪಾಗುತ್ತಿಲ್ಲ.

ಈ ಪದಗಳಿಗೆ ಒಂದು ಸರಳ ಸೂತ್ರವಿದೆ. ಶಾಹಿಯ ಹಿಂದೆ ಯಾವುದು ಬರುತ್ತದೋ ಅದೇ ಗದ್ದುಗೆಯ ಮೇಲೆ ಕೂತಿದೆ. ಪುರೋಹಿತಶಾಹಿಯಲ್ಲಿ ಪುರೋಹಿತ. ನೋಕರಶಾಹಿಯಲ್ಲಿ ನೌಕರ, ಆಳಬೇಕಾದವನ ಆಳೇ ಆಳುವುದು. (ನಮ್ಮ ಅಧಿಕಾರಶಾಹಿಗಿಂತ ಅದೇ ಚೆನ್ನ. ಅಧಿಕಾರ ಆಳುತ್ತದೆ ಅಂದರೆ ನೀರು ಒದ್ದೆ ಅಂದ ಹಾಗೆ.) ಬಂಡವಾಳಶಾಹಿಯಲ್ಲಿ ಬಂಡವಾಳ, ಅದರ ಒಡೆಯನಲ್ಲ. ಮಾರ್ಕ್ಸ್ ಒಪ್ಪುತ್ತಿದ್ದರು ಅನಿಸುತ್ತದೆ. ಅವರ ಪ್ರಕಾರ ಒಡೆಯನನ್ನೂ ಕುಣಿಸುವುದು ಬಂಡವಾಳವೇ ಅಲ್ವಾ?

ಸೂತ್ರ ಕೈಕೊಡುವುದು ವಸಾಹತುಶಾಹಿಯಲ್ಲಿ. ವಸಾಹತು ಆಳಲಿಲ್ಲ, ಆಳಿಸಿಕೊಂಡಿತು. ಪದ ಮಾತ್ರ ಅದನ್ನೇ ಗದ್ದುಗೆಗೆ ಏರಿಸಿದೆ. ತಮಾಷೆ ಅಂದರೆ ಮರಾಠಿಯವರೂ ವಸಾಹತ್ ಅನ್ನುತ್ತಾರೆ, ಆದರೆ ವಸಾಹತವಾದ ಅಂತ ಮಾಡಿಕೊಂಡಿದ್ದಾರೆ. ಹಿಂದಿಯಲ್ಲಿ ಉಪನಿವೇಶವಾದ. ತೆಲುಗಿನಲ್ಲಿ ವಲಸವಾದಂ. ಆ ‘ವಲಸ’ ನಮ್ಮ ವಲಸೆಯೇ. ಕನ್ನಡದಲ್ಲಿ ವಲಸೆ ಅಂದರೆ ಗಂಟುಮೂಟೆ ಹೊತ್ತು ಕೂಲಿಗೆ ಹೊರಟವರು ಕಣ್ಣಿಗೆ ಬರುತ್ತಾರೆ, ಕೋವಿ ಹಿಡಿದು ಬಂದವರಲ್ಲ.

ವಸಾಹತು ಅಂದರೆ ಜನ ಬಂದು ನೆಲೆಸಿದ ಜಾಗ. ಇಂಗ್ಲಿಷಿನ ಕಾಲೊನಿ ಕೂಡ ಲ್ಯಾಟಿನಿನ ಕೊಲೊನಿಯಾದಿಂದ ಬಂದದ್ದು. ಅದರ ಬೇರಿನಲ್ಲಿ ಉಳುವವನಿದ್ದಾನೆ. ರೋಮನ್ನರು ನಿವೃತ್ತ ಸೈನಿಕರಿಗೆ ಗೆದ್ದ ನೆಲ ಕೊಟ್ಟು ಕೂರಿಸುತ್ತಿದ್ದ ಊರು ಅದು. ಜರ್ಮನಿಯ ಕೊಲೋನ್ ನಗರದ ಹೆಸರಿನಲ್ಲಿ ಅದು ಇನ್ನೂ ಉಳಿದಿದೆ. ಹೀಗಾಗಿ ಅಲ್ಜೀರಿಯಕ್ಕೆ ಈ ಪದ ಸರಿಯಾಗಿ ಹೊಂದುತ್ತದೆ. 1830ರಲ್ಲಿ ಫ್ರೆಂಚರು ನುಗ್ಗಿದರು, 1962ರಲ್ಲಿ ಬಿಡುವ ಹೊತ್ತಿಗೆ ಸುಮಾರು ಹತ್ತು ಲಕ್ಷ ಯುರೋಪಿಯನ್ನರು ಅಲ್ಲಿದ್ದರು. ಭಾರತಕ್ಕೆ ಬಂದ ಬ್ರಿಟಿಷರಲ್ಲಿ ಹೆಚ್ಚಿನವರು ನೆಲೆಸಲು ಬರಲಿಲ್ಲ. ಕಂದಾಯ ಎತ್ತಿ, ಪಿಂಚಣಿ ಪಡೆದು ಊರಿಗೆ ಹೋದರು.

ಎಡಪಂಥೀಯರು ಸಾಮ್ರಾಜ್ಯಶಾಹಿ ಎಂಬ ಪದವನ್ನು ಬೇರೆಯೇ ಇಟ್ಟುಕೊಂಡಿರುವುದಕ್ಕೆ ಕಾರಣವೂ ಇಲ್ಲೇ ಇದೆ. 1916ರಲ್ಲಿ ಲೆನಿನ್ ಇದನ್ನು ಬಂಡವಾಳಶಾಹಿಯ ಒಂದು ಹಂತ ಅಂತ ವಿವರಿಸಿದರು. ಆ ಹಂತದಲ್ಲಿ ಸರಕಿಗಿಂತ ಬಂಡವಾಳದ ರಫ್ತೇ ಮುಖ್ಯ. ಜನ ಹೋಗಿ ನೆಲೆಸಬೇಕಾಗಿಲ್ಲ, ಸಾಲ ಹೋದರೆ ಸಾಕು. ಘಾನಾದ ಅಧ್ಯಕ್ಷ ಎನ್‌ಕ್ರುಮಾ 1965ರಲ್ಲಿ ನವವಸಾಹತುಶಾಹಿ ಅಂದಾಗ ಅಲ್ಲಿ ಬ್ರಿಟಿಷರ ಬಾವುಟ ಇಳಿದು ಎಂಟು ವರ್ಷ ಆಗಿತ್ತು. ನಾನು ತಿದ್ದಿದ ಭಾಷಣದಲ್ಲಿ ವಸಾಹತುಶಾಹಿ, ಸಾಮ್ರಾಜ್ಯಶಾಹಿ ಎರಡನ್ನೂ ಅಕ್ಕಪಕ್ಕದ ಸಾಲುಗಳಲ್ಲಿ ಒಂದೇ ಅರ್ಥಕ್ಕೆ ಬಳಸಿದ್ದರು. ಅದು ಪದದ ತಪ್ಪಲ್ಲ, ಸುಮ್ನೆ ಬರೆದವರ ಅವಸರ.

ನನಗೆ ತುಂಬಾ ಇಷ್ಟವಾಗುವುದು ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಗೆ ನಮ್ಮ ಹಳಬರು ಇಟ್ಟ ಹೆಸರು, ‘ಕುಂಪಣಿ ಸರ್ಕಾರ’. ಎರಡೇ ಪದ. ಒಂದು ವ್ಯಾಪಾರದ್ದು, ಒಂದು ಆಳ್ವಿಕೆಯದು. ಷೇರುದಾರರಿಗೆ ಲಾಭ ಹಂಚುವ ಸಂಸ್ಥೆ 1765ರಲ್ಲಿ ಬಂಗಾಳದ ದಿವಾನಿ ಪಡೆದು ತೆರಿಗೆ ಎತ್ತಲು ಕೂತದ್ದನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ಬರುವುದಿಲ್ಲ. ಎಡಪಂಥದವರು ಪುಟಗಟ್ಟಲೆ ವಿವರಿಸುವುದು ಅದರೊಳಗೆ ಮುದುರಿ ಕೂತಿದೆ.

ಇನ್ನು ‘ಗಳು’ ಸೇರಿದಾಗ ಆಗುವ ಎಡವಟ್ಟು. ಬಂಡವಾಳಶಾಹಿ ಒಂದು ವ್ಯವಸ್ಥೆ. ಬಂಡವಾಳಶಾಹಿಗಳು ಅಂದ ಕೂಡಲೇ ಮನುಷ್ಯರಾಗುತ್ತಾರೆ. ನಮ್ಮ ಜಗಳ ವ್ಯವಸ್ಥೆಯೊಡನೆ, ವ್ಯಕ್ತಿಯೊಡನೆ ಅಲ್ಲ ಅಂತ ಹೇಳುವ ಭಾಷಣದಲ್ಲೇ ಇದು ನಾಲ್ಕು ಸಲ ಬಂದಿತ್ತು. ಮನುಷ್ಯರಿಗೆ ಬಂಡವಾಳಿಗ, ವಸಾಹತುಗಾರ ಅಂತ ನಾನು ತಿದ್ದಿದೆ. ಭಾಷಣಕಾರರು ಮೊದಲನೆಯದನ್ನು ಒಪ್ಪಿದರು. ಎರಡನೆಯದನ್ನು ಓದಿ, ‘ಬಾಡಿಗೆ ಮನೆಯವನ ಹಾಗಿದೆ’ ಅಂದರು.

ಪುರೋಹಿತಶಾಹಿಗೆ ಬೇರೆ ತೊಡಕು. ಫ್ರಾನ್ಸಿನಲ್ಲಿ 1789ರ ನವೆಂಬರಿನಲ್ಲಿ ಚರ್ಚಿನ ಆಸ್ತಿಯನ್ನು ರಾಷ್ಟ್ರದ ಕೈಗೆ ಕೊಟ್ಟದ್ದನ್ನು ಹೇಳುತ್ತಾ ‘ಫ್ರೆಂಚ್ ಪುರೋಹಿತಶಾಹಿ’ ಅಂತ ಬರೆದಿದ್ದರು. ಕನ್ನಡದ ಓದುಗನಿಗೆ ಅಲ್ಲಿ ಜನಿವಾರ ಕಾಣುತ್ತದೆ. ನಮ್ಮಲ್ಲಿ ಆ ಪದದೊಳಗೆ ಜಾತಿ ಇದೆ. ಚರ್ಚಿನ ಸಂಗತಿಯಲ್ಲಿ ಇದ್ದದ್ದು ಜಮೀನು ಮತ್ತು ತೆರಿಗೆ. ಹಾಗಾಗಿ ‘ಚರ್ಚಿನ ಒಡೆತನ’ ಅಂತ ಬದಲಿಸಿದೆ. ಧರ್ಮ ಮತ್ತು ಸರ್ಕಾರ ಬೆರೆತದ್ದಕ್ಕೆ ನಮ್ಮದೇ ಪದ ಬೇಕಾದರೆ ಮುಜರಾಯಿ ಇದೆ. ಮುಜರಾ ಅಂದರೆ ಲೆಕ್ಕದಲ್ಲಿ ವಜಾ ಹಾಕುವುದು. ದೇವರ ಹೆಸರಿನ ಇಲಾಖೆಗೆ ಲೆಕ್ಕದ ಪುಸ್ತಕದ ಹೆಸರು! ಮದರಾಸಿನಲ್ಲಿ ಕುಂಪಣಿಯೇ 1817ರಲ್ಲಿ ಕಾನೂನು ಮಾಡಿ ದೇವಸ್ಥಾನಗಳ ದತ್ತಿಯನ್ನು ಕಂದಾಯ ಮಂಡಳಿಯ ಉಸ್ತುವಾರಿಗೆ ತಂದಿತು. ಮಿಷನರಿಗಳ ಟೀಕೆ ಜಾಸ್ತಿಯಾದ ಮೇಲೆ ಸರ್ಕಾರ 1863ರ ಕಾನೂನಿನಿಂದ ಕೈ ತೊಳೆದುಕೊಂಡಿತು.

ಕೊನೆಗೆ ಪ್ರಭುತ್ವ. ರಾಜ್ಯ ಅಂದರೆ ಕರ್ನಾಟಕ, ಕೇರಳ ನೆನಪಾಗುತ್ತವೆ. ಸರ್ಕಾರ ಚುನಾವಣೆಗೆ ಬೀಳುತ್ತದೆ. ಪೊಲೀಸು, ಕೋರ್ಟು, ಸೈನ್ಯ, ಜೈಲು ಸೇರಿದ, ಸರ್ಕಾರ ಬಿದ್ದರೂ ಬೀಳದ ಕಟ್ಟಡಕ್ಕೆ ಎಡಪಂಥೀಯರು ಪ್ರಭುತ್ವ ಅನ್ನುತ್ತಾರೆ. ‘ಪ್ರಭುತ್ವ ಅಳಿಯಬೇಕು, ಪ್ರಜಾಪ್ರಭುತ್ವ ಉಳಿಯಬೇಕು’ ಅಂತ ಭಾಷಣ ಮುಗಿದಿತ್ತು. ಕೊಂಬೆ ಕಡಿದು ಎಲೆ ಉಳಿಸಿದ ಹಾಗಾಯಿತು ಅಂದುಕೊಂಡೆ. ಲೆನಿನ್ ಕೂಡ 1917ರಲ್ಲಿ ವಾದಿಸಿದ್ದು ಅದನ್ನೇ: ಪ್ರಜಾಪ್ರಭುತ್ವವೂ ಪ್ರಭುತ್ವದ ಒಂದು ರೂಪ, ಅದು ಅಳಿದರೆ ಇದೂ ಅಳಿಯುತ್ತದೆ. ಅವರು ಉದ್ದಕ್ಕೆ ವಾದಿಸಿದ್ದು ಕನ್ನಡದ ಸಮಾಸದಲ್ಲಿ ತಾನಾಗಿಯೇ ಇದೆ. ಸಾಲನ್ನು ಹಾಗೇ ಬಿಟ್ಟೆ.

ವಸಾಹತುಶಾಹಿಯನ್ನು ಕಿತ್ತು ಹಾಕಿ ಅಂತ ನಾನು ಹೇಳುತ್ತಿಲ್ಲ. ಬೇರು ಬಿಟ್ಟ ಪದ, ತರ್ಕಕ್ಕೆ ಜಗ್ಗುವುದಿಲ್ಲ. ಕೇಳುವುದು ಎರಡೇ. ವಸಾಹತು ಆಳಿದವರನ್ನು ನೀವು ಏನೆಂದು ಬರೆಯುತ್ತೀರಿ? ಜನಿವಾರ ಕಾಣದ ಹಾಗೆ ಚರ್ಚಿನವರಿಗೂ ಮಠದವರಿಗೂ ಹೊಂದುವ ಒಂದು ಪದ ನಿಮ್ಮ ಕಡೆ ಬಳಕೆಯಲ್ಲಿದೆಯಾ?