ಮಂಡಿ ಕಂಪ್ಯೂಟರ್ ಪೂರ್ತಿ ಲಾಕ್ ಆಗಿದೆ, ಇನ್ಮುಂದೆ ಹಿಂಗಾಗ್ದಿರೋಕೆ ಏನ್ ಮಾಡ್ಬೇಕು?

ಮಲ್ನಾಡ್ ಮಾಣಿ: ಸಾಗರದಲ್ಲಿ ನಮ್ ಚಿಕ್ಕಪ್ಪಂದು ಅಡಿಕೆ ಮಂಡಿ. ಸೋಮವಾರ ಬೆಳಿಗ್ಗೆ ರೈಟರು ಬಂದು ಕಂಪ್ಯೂಟರ್ ಆನ್ ಮಾಡಿದ್ರೆ ಟ್ಯಾಲಿ (ಲೆಕ್ಕದ ಸಾಫ್ಟ್‌ವೇರು) ಓಪನ್ನೇ ಆಗ್ತಿಲ್ಲ, ಫೋಲ್ಡರ್ ನೋಡಿದ್ರೆ ಎಲ್ಲಾ ಫೈಲ್ ಹೆಸರಿಗೂ ಕೊನೇಲಿ ಏನೋ ವಿಚಿತ್ರ ಅಕ್ಷರ ಅಂಟ್ಕೊಂಡಿದೆ, ಡೆಸ್ಕ್‌ಟಾಪಲ್ಲಿ ಒಂದು ನೋಟ್‌ಪ್ಯಾಡ್ ಫೈಲು, ಬಿಟ್‌ಕಾಯಿನಲ್ಲಿ ದುಡ್ಡು ಕಳ್ಸಿ ಅಂತ. ಬ್ಯಾಕಪ್ ಇತ್ತು ಮಾರಾಯ್ರೆ, ಪೆನ್‌ಡ್ರೈವಲ್ಲಿ! ಆದ್ರೆ ಅದು ವರ್ಷಪೂರ್ತಿ ಸಿಪಿಯು ಹಿಂದೆ ಚುಚ್ಚಿದ್ದು ಚುಚ್ಚಿದಂಗೇ ಇತ್ತು, ಅದೂ ಹೋಯ್ತು. ಯಾರೂ ಯಾವ ಲಿಂಕೂ ಒತ್ತಿಲ್ಲ ಅಂತಾರೆ. ಕೊಟ್ಟು ಕೈ ತೊಳ್ಕೊಳೋಣ ಅಂತಿದಾರೆ ಚಿಕ್ಕಪ್ಪ.

ಸರ್ವರ್ ಸಿದ್ದ: ಅಕೌಂಟೆಂಟು ಮನೆಯಿಂದ ಆ ಕಂಪ್ಯೂಟರಿಗೆ ಕನೆಕ್ಟ್ ಆಗ್ತಾರಾ?

ಮಲ್ನಾಡ್ ಮಾಣಿ: ಹೌದು ಸಾರ್, ಕೊರೊನಾ ಟೈಮಲ್ಲಿ ಯಾರೋ ಹುಡುಗ ಬಂದು ರೂಟರಲ್ಲಿ ಏನೋ ಸೆಟ್ ಮಾಡ್ಕೊಟ್ಟು ಹೋಗಿದ್ದ. ಪಾಸ್‌ವರ್ಡು ಮಂಡಿ ಹೆಸರು, ಮುಂದೆ 123 😔

ಸರ್ವರ್ ಸಿದ್ದ: ಬಹುಶಃ ಅಲ್ಲಿಂದ್ಲೇ ಬಂದಿರೋದು. ರಿಮೋಟ್ ಡೆಸ್ಕ್‌ಟಾಪಿನ (ದೂರದಿಂದ ಕಂಪ್ಯೂಟರ್ ನಡೆಸೋ ವ್ಯವಸ್ಥೆ) 3389 ಪೋರ್ಟ್, ಅಂದ್ರೆ ಹೊರಗಿಂದ ಒಳಗೆ ಬರೋ ಬಾಗಿಲು, ಇಂಟರ್ನೆಟ್ಟಿಗೆ ತೆರೆದಿಟ್ರೆ ಸಂತೇಲಿ ಗಲ್ಲಾ ಪೆಟ್ಟಿಗೆ ಬಿಟ್ಟು ಊಟಕ್ಕೆ ಹೋದಂಗೆ. ಯಾರೂ ನಿಮ್ಮ ಮಂಡೀನೇ ಹುಡುಕ್ಕೊಂಡು ಬಂದಿಲ್ಲ, ತೆರೆದಿರೋ ಪೋರ್ಟ್ ಹುಡುಕೋ ಪ್ರೋಗ್ರಾಮುಗಳು ಹಗಲೂ ರಾತ್ರಿ ಓಡ್ತಾನೇ ಇರ್ತವೆ, ಸಿಕ್ಕಿದ ಕಡೆ ಪಾಸ್‌ವರ್ಡ್ ಒಂದಾದ್ಮೇಲೊಂದು ಹಾಕಿ ನೋಡ್ತವೆ. ಒಳಗೆ ಬಂದವನು ಆಂಟಿವೈರಸ್ಸನ್ನ ತಾನೇ ಆಫ್ ಮಾಡ್ತಾನೆ. ಮೊದ್ಲು ರೂಟರಲ್ಲಿ ಆ ಪೋರ್ಟ್ ಮುಚ್ಸಿ, ಅಕೌಂಟೆಂಟಿಗೆ ಬೇಕೇ ಬೇಕು ಅಂದ್ರೆ ವಿಪಿಎನ್ (ಹೊರಗಿನೋರಿಗೆ ಕಾಣದ ಖಾಸಗಿ ದಾರಿ) ಹಾಕ್ಸಿ, ಜೊತೆಗೆ ಓಟಿಪಿ ಇರ್ಲಿ. ರೈಟರ್ ದಿನಾ ಕೂರೋ ಲಾಗಿನ್ನು ಅಡ್ಮಿನ್ (ಏನು ಬೇಕಾದ್ರೂ ಬದಲಾಯಿಸೋ ಅಧಿಕಾರ ಇರೋದು) ಆಗಿರ್ಬಾರ್ದು. ಹಾಂ, ಆ ಡಿಸ್ಕ್ ಫಾರ್ಮ್ಯಾಟ್ ಮಾಡ್ಬೇಡಿ, ತೆಗೆದಿಡಿ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ಡಚ್ ಪೊಲೀಸರು ಸೇರಿ 2016ರಲ್ಲಿ ಶುರು ಮಾಡಿದ ನೋ ಮೋರ್ ರಾನ್ಸಮ್ ಅನ್ನೋ ಸೈಟಿದೆ, ಕೆಲವು ಜಾತಿಯ ರಾನ್ಸಮ್‌ವೇರಿಗೆ (ಹಿಂಗೆ ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್ಸು) ಬೀಗದಕೈ ಫ್ರೀಯಾಗಿ ಸಿಗುತ್ತೆ. ನಿಮ್ದಕ್ಕೆ ಇವತ್ತು ಸಿಗದಿದ್ರೂ ಮುಂದೆ ಸಿಗ್ಬೋದು.

ಹಳೇ ವಿಂಡೋಸ್: ಅಪ್‌ಡೇಟೂ ನೋಡ್ರಪ್ಪ. 2017ರ ಮೇನಲ್ಲಿ ವನ್ನಾಕ್ರೈ ಅನ್ನೋ ರಾನ್ಸಮ್‌ವೇರ್ ಬಂದಾಗ ಅದನ್ನ ತಡೆಯೋ ಪ್ಯಾಚು (ದೋಷ ಸರಿ ಮಾಡೋ ಅಪ್‌ಡೇಟು) ಮೈಕ್ರೋಸಾಫ್ಟ್ ಮಾರ್ಚಲ್ಲೇ ಬಿಟ್ಟಾಗಿತ್ತು, ಹಾಕ್ಕೊಂಡಿರ್ಲಿಲ್ಲ ಜನ. ದೊಡ್ಡೋರಿಗೂ ತಪ್ಪಿದ್ದಲ್ಲ, 2022ರ ನವೆಂಬರಲ್ಲಿ ದೆಹಲಿ ಏಮ್ಸ್ ಆಸ್ಪತ್ರೇಲೇ ಸರ್ವರ್ ಬಿದ್ದು ಚೀಟಿ ಕೈಯಲ್ಲಿ ಬರೆದ್ರು.

ಲೆಕ್ಕದಕ್ಕ: ದುಡ್ಡು ಕೊಡ್ಬೇಡಿ ತಮ್ಮಾ, ಕೊಟ್ರೂ ಫೈಲ್ ಬರುತ್ತೆ ಅಂತ ಗ್ಯಾರಂಟಿ ಇಲ್ಲ. ಲೆಕ್ಕ ಪೂರ್ತಿ ಹೋಗಿಲ್ಲ ನಿಮ್ದು. ಮಾರಾಟದ್ದು ಜಿಎಸ್‌ಟಿ ಪೋರ್ಟಲಲ್ಲಿ ಜಿಎಸ್‌ಟಿಆರ್-1ರಲ್ಲಿ (ಮಾರಾಟದ ರಿಟರ್ನು) ಇದೆ, ಡೌನ್‌ಲೋಡ್ ಮಾಡಿ, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೀರಿ. ರೈತರಿಂದ ಬಂದ ಮಾಲು ಮಾತ್ರ ಅಲ್ಲಿ ಕಾಣಲ್ಲ, ಅದಕ್ಕೆ ಪಟ್ಟಿ ಪುಸ್ತಕದ ಕಾರ್ಬನ್ ಕಾಪೀನೇ ಗತಿ. ಸೈಬರ್‌ಕ್ರೈಮ್ ಪೋರ್ಟಲಲ್ಲಿ ಕಂಪ್ಲೇಂಟ್ ಹಾಕಿ, ಆಕಸ್ಮಾತ್ ಅಕೌಂಟಿಂದ ದುಡ್ಡೂ ಹೋಗಿದ್ರೆ ತಡ ಮಾಡ್ದೆ 1930ಕ್ಕೆ ಫೋನ್ ಮಾಡಿ.

ಮಲ್ನಾಡ್ ಮಾಣಿ: ಎಲ್ರಿಗೂ ಥ್ಯಾಂಕ್ಸ್. ಪೋರ್ಟ್ ಮುಚ್ಚಿಸಾಯ್ತು, ಕಂಪ್ಲೇಂಟೂ ಆಯ್ತು. ಚಿಕ್ಕಪ್ಪ ಎರಡು ಹಾರ್ಡ್‌ಡಿಸ್ಕ್ ತಂದಿದಾರೆ, ವಾರಕ್ಕೊಂದು ಅದಲು ಬದಲು, ಬ್ಯಾಕಪ್ ಮುಗಿದ ತಕ್ಷಣ ಕಿತ್ತು ಒಂದು ಮನೆ ಬೀರುಗೆ. ಕಾರ್ಬನ್ ಕಾಪಿ ಏಪ್ರಿಲಿಂದ ಇದೆ, ಅರ್ಧಕ್ಕರ್ಧ ಮಸಿ ಹಿಡಿದು ಓದೋಕಾಗ್ತಿಲ್ಲ, ರೈಟರು ಕನ್ನಡಕ ಎರಡು ಹಾಕ್ಕೊಂಡು ಕೂತಿದಾರೆ.